ಅಕೇಶಿಯಾ ಕಡಿದ ಗುಡ್ಡಕ್ಕೆ ಮುಂದೇನು? ಕುಮ್ರಿ ಮಾಡ್ತಿದ್ದವರೇ ಕಾಡು ಹಾಳು ಮಾಡಿದ್ರು ಅನ್ನೋದು ನಿಜಾನಾ?

ಗಂಗಾವಳಿ ದಂಡೆ

ಎಲ್ರಿಗೂ ನಮಸ್ಕಾರ. ಅಂಕೋಲಾ ತಾಲೂಕಲ್ಲಿ ಘಟ್ಟದ ಬುಡಕ್ಕಿರೋ ಊರು ನಮ್ದು. ಊರ ಹಿಂದಿನ ಗುಡ್ಡದಲ್ಲಿ ಫಾರೆಸ್ಟ್‌ನವ್ರು ಹಾಕಿದ್ದ ಅಕೇಶಿಯಾ ಪ್ಲಾಂಟೇಶನ್ ಈ ಸಲ ಕಟಾವಾಯ್ತು, ಮರ ಎಲ್ಲ ಲಾರಿ ಹತ್ತಿ ಹೋಯ್ತು, ಈಗ ಗುಡ್ಡ ಪೂರ್ತಿ ಬೋಳು. ಮಳೆಗಾಲದೊಳಗೆ ಮತ್ತೆ ಏನು ನೆಡಬೇಕು ಅಂತ ತೀರ್ಮಾನ ಮಾಡೋಕೆ ಗ್ರಾಮ ಅರಣ್ಯ ಸಮಿತಿ ಮೀಟಿಂಗ್ ಕರೀತಾರಂತೆ. ಊರಲ್ಲಿ ಕೆಲವ್ರು ಮತ್ತೆ ಅಕೇಶಿಯಾನೇ ಹಾಕ್ಲಿ, ಕಟ್ಟಿಗೆ ಆಗತ್ತೆ, ಸಮಿತಿಗೆ ಪಾಲು ಬರತ್ತೆ ಅಂತಿದಾರೆ, ಇನ್ನು ಕೆಲವ್ರು ಸಾಗವಾನಿ ಹಾಕ್ಲಿ ಮಕ್ಕಳ ಕಾಲಕ್ಕೆ ದುಡ್ಡು ಅಂತಾರೆ, ಒಬ್ರು ಹಿರಿಯರು ಮಾತ್ರ ಏನೂ ನೆಡಬೇಡಿ ಸುಮ್ನೆ ಬಿಡಿ, ಅದು ಹಿಂದೆ ಕುಮ್ರಿ, ಅಂದ್ರೆ ಕಾಡು ಕಡಿದು ಸುಟ್ಟು ಬೇಸಾಯ ಮಾಡ್ತಿದ್ದ ಗುಡ್ಡ, ತಾನೇ ಕಾಡಾಗತ್ತೆ ಅಂದ್ರು. ಅವರ ಮಾತಿಗೆ ಯಾರೂ ಜಾಸ್ತಿ ಬೆಲೆ ಕೊಡ್ಲಿಲ್ಲ, ನನಗೆ ಮಾತ್ರ ಅದು ತಲೇಲೇ ಉಳೀತು.

ಶಾಲೇಲಿ ನಾವು ಓದಿದ್ದೇನು? ಕುಮ್ರಿ ಅಂದ್ರೆ ಕಾಡು ಕಡಿದು ಸುಟ್ಟು ಎರಡು ವರ್ಷ ಬೆಳೆದು ಮುಂದಿನ ಜಾಗಕ್ಕೆ ಹೋಗೋದು, ಕಾಡು ನಾಶ, ಮಣ್ಣು ಸವಕಳಿ, ಹಿಂದುಳಿದ ಪದ್ಧತಿ. ಮರ ನೆಡೋದು ಅಂದ್ರೆ ಪರಿಸರ ರಕ್ಷಣೆ. ಆದ್ರೆ ನಮ್ಮೂರಲ್ಲಿ ಕಣ್ಣಿಗೆ ಕಾಣೋದೇ ಬೇರೆ. ಅಕೇಶಿಯಾ ಬುಡದಲ್ಲಿ ಹುಲ್ಲುಕಡ್ಡಿ ಹುಟ್ತಿರ್ಲಿಲ್ಲ, ದನ ಆ ಕಡೆ ತಲೆ ಹಾಕ್ತಿರ್ಲಿಲ್ಲ, ಉದುರಿದ ಒಣ ಎಲೆ, ದರಕು, ವರ್ಷ ಕಳೆದ್ರೂ ಕೊಳೀತಿರ್ಲಿಲ್ಲ, ಗುಡಿಸಿ ತಂದು ಕೊಟ್ಟಿಗೆಗೆ ಹಾಕಿದ್ರೂ ಒಳ್ಳೇ ಗೊಬ್ಬರ ಆಗಲ್ಲ ಅಂತ ಅಮ್ಮ ಬೈತಿದ್ರು. ಪಕ್ಕದ ಕಣಿವೇಲಿ ಹಳೇ ಕುಮ್ರಿ ಜಾಗ ಅಂತ ತೋರಿಸ್ತಾರೆ, ಅಲ್ಲಿ ಮತ್ತಿ, ಕಿಂದಳ, ಹೊನ್ನೆ ಎಲ್ಲ ತಬ್ಬಿದ್ರೆ ಎರಡು ಕೈ ಸೇರದಷ್ಟು ದಪ್ಪ ಇದಾವೆ, ಬೇಸಿಗೇಲೂ ನೆರಳು ತಂಪು. ಕುಮ್ರಿ ಕಾಡು ನಾಶ ಅಂದ್ರೆ ಆ ಮರ ಎಲ್ಲಿಂದ ಬಂತು?

ಹಾಗಂತ ಈಗ ಮತ್ತೆ ಗುಡ್ಡ ಸುಟ್ಟು ರಾಗಿ ಬಿತ್ತೋಣ ಅಂತ ನಾನು ಹೇಳ್ತಿಲ್ಲ, ಅದನ್ನ ಮಾಡೋರೂ ಈಗ ನಮ್ಮೂರಲ್ಲಿ ಇಲ್ಲ. ಭೂಮಿ ದೃಷ್ಟಿಯಿಂದ ಕುಮ್ರಿ, ಪ್ಲಾಂಟೇಶನ್ ಈ ಎರಡರಲ್ಲಿ ಯಾವುದು ಜಾಸ್ತಿ ಬಾಳಿಕೆ ಬರೋ ಪದ್ಧತಿ, ಅದರಿಂದ ನಾವೀಗ ಏನು ತಗೋಬಹುದು, ಮೀಟಿಂಗಲ್ಲಿ ಏನು ಕೇಳಬಹುದು ಅಂತ ಗೊತ್ತಿದ್ದವ್ರು ದಯವಿಟ್ಟು ಹೇಳಿ.

ಮತ್ತಿಮರ

ಅರಣ್ಯ ಇಲಾಖೇಲಿ ಕೆಲಸ ಮಾಡಿ ರಿಟೈರ್ ಆದವ ನಾನು, ಹಾಗಾಗಿ ಇನ್ನೊಂದು ಕಡೆ ಮಾತೂ ಕೇಳಿ. ಅಕೇಶಿಯಾನ ಬೈಯೋದು ಈಗ ಸುಲಭ, ಆದ್ರೆ 80ರ ದಶಕದಲ್ಲಿ ಕರಾವಳಿ ಗುಡ್ಡಗಳು ಹೇಗಿದ್ವು ಅಂತ ನೋಡಿದವ್ರು ಹಾಗೆ ಬೈಯಲ್ಲ. ಮೇಲ್ಮಣ್ಣು ಕೊಚ್ಚಿ ಹೋಗಿ ಕೆಂಪು ಮುರಕಲ್ಲು ಹೊರಗೆ ಬಿದ್ದಿತ್ತು, ಹೊನ್ನೆ ನಂದಿ ನೆಟ್ರೆ ಎರಡನೇ ಬೇಸಿಗೆ ದಾಟ್ತಿರ್ಲಿಲ್ಲ. ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಈ ಗಿಡ ಅಂಥಾ ಕಲ್ಲಲ್ಲೂ ನಿಂತ್ಕೊಳ್ತು, ಬೇರಲ್ಲಿ ಸಾರಜನಕ ಹಿಡಿಯೋ ಗುಣ ಇದಕ್ಕಿದೆ, ದನ ತಿನ್ನಲ್ಲ ಹಾಗಾಗಿ ಬೇಲಿ ಖರ್ಚೂ ಕಮ್ಮಿ. ಏಳೆಂಟು ವರ್ಷಕ್ಕೆ ಕಟ್ಟಿಗೆ ಸಿಕ್ತು. ಅಷ್ಟು ಕಟ್ಟಿಗೆ ಅಲ್ಲಿ ಸಿಗದೇ ಹೋಗಿದ್ರೆ ಹೆಂಗಸ್ರು ಹೊರೆ ಹೊರೋಕೆ ಹೋಗ್ತಿದ್ದಿದ್ದು ಒಳಗಿನ ಕಾಡಿಗೇ ಅಲ್ವಾ. ನಮ್ಮಿಂದ ತಪ್ಪಾಗಿದ್ದು ಎಲ್ಲಿ ಅಂದ್ರೆ ಕಲ್ಲು ಗುಡ್ಡಕ್ಕೆ ಅಂತ ತಂದ ಗಿಡಾನ ಟಾರ್ಗೆಟ್ ಮುಟ್ಟಿಸೋಕೆ ಅಂತ ಬುಡಚಿಗುರು ಚೆನ್ನಾಗಿ ಬರ್ತಿದ್ದ ಕಾಡಲ್ಲೂ, ಹುಲ್ಲುಗಾವಲಲ್ಲೂ ಸಾಲಾಗಿ ಹಾಕಿದ್ವಿ. ಅದು ಆಗಬಾರದಿತ್ತು ಅಂತ ನಾನು ಒಪ್ತೀನಿ.

ಕುಮ್ರಿ ವಿಷಯಕ್ಕೆ ಬಂದ್ರೆ ಒಂದು ಲೆಕ್ಕ ಹಾಕಿ. ಒಂದು ಜಾಗದಲ್ಲಿ ಎರಡು ವರ್ಷ ಬೆಳೆದು ಹನ್ನೆರಡು ವರ್ಷ ಬಿಡಬೇಕು ಅಂದ್ಕೊಳ್ಳಿ. ಹದಿನಾಲ್ಕು ವರ್ಷದ ಸುತ್ತು. ಒಂದು ಮನೆಗೆ ಒಂದು ಹೊತ್ತಿಗೆ ಎರಡು ಎಕರೆ ಬೇಕಂದ್ರೂ ಅವರ ಹೆಸರಲ್ಲಿ ಹದಿನಾಲ್ಕು ಎಕರೆ ಗುಡ್ಡ ಇರಬೇಕು. ನಲವತ್ತು ಮನೆ ಊರಿಗೆ 560 ಎಕರೆ. ಎಲ್ಲಿದೆ ಸ್ವಾಮಿ ಅಷ್ಟು ಜಾಗ? ಜನ ಹೆಚ್ಚಾದ ಹಾಗೆ ಹನ್ನೆರಡು ವರ್ಷ ಆರಾಗತ್ತೆ, ಆರು ಮೂರಾಗತ್ತೆ, ಆಮೇಲೆ ಗುಡ್ಡದಲ್ಲಿ ಕಮ್ಯುನಿಸ್ಟ್ ಗಿಡ ಅನ್ನೋ ಕಳೆ ಬಿಟ್ಟು ಬೇರೇನೂ ಇರಲ್ಲ. ಪದ್ಧತಿ ಒಳ್ಳೇದಿತ್ತು ಅಂತ್ಲೇ ಇಟ್ಕೊಳ್ಳೋಣ, ಅದಕ್ಕೆ ಬೇಕಾದ ಜಾಗ ಈಗ ಇಲ್ಲ.

ಹಳೇ ಕಡತ

ಮತ್ತಿಮರ ಸರ್ ಲೆಕ್ಕ ಸರಿಯಾಗೇ ಇದೆ. ಆದ್ರೆ ಅದೇ ಲೆಕ್ಕಾನ ಇನ್ನೊಂದು ಕಡೆಗೂ ಹಾಕಬೇಕಲ್ವಾ. ನಮ್ಮ ಜಿಲ್ಲೇಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೂ ಸೊಪ್ಪಿನ ಬೆಟ್ಟ, ಅಂದ್ರೆ ತೋಟಕ್ಕೆ ಸೊಪ್ಪು ತರೋ ಕಾಡು, ಕೊಟ್ಟಿದ್ರು, ಬ್ರಿಟಿಷ್ ಕಾಲದಿಂದ್ಲೂ ಆ ಸವಲತ್ತು ಇದೆ. ಅಂದ್ರೆ ಎಕರೆ ತೋಟ ಹತ್ತು ಎಕರೆ ಭೂಮಿ ಮೇಲೆ ನಿಂತಿದೆ. ಅದನ್ನ ಯಾರೂ ಕಾಡು ನಾಶ ಅಂತ ಪಾಠದಲ್ಲಿ ಬರೀಲಿಲ್ಲ. ತೋಟಕ್ಕೆ ಕಂದಾಯ ಇತ್ತು, ತೋಟದವ್ರು ಅರ್ಜಿ ಬರೀತಿದ್ರು, ಕೋರ್ಟಿಗೆ ಹೋಗ್ತಿದ್ರು. ಕುಮ್ರಿ ಮಾಡ್ತಿದ್ದ ಕುಣಬಿ, ಮರಾಠಿ, ಕುಡುಬಿ ಸಮುದಾಯದವರ ಹತ್ರ ಕಾಗದ ಇರ್ಲಿಲ್ಲ. ನಾನೂ ತೋಟದವರ ಮನೆಯವನೇ, ಬೆಟ್ಟ ಬೇಡ ಅಂತಲ್ಲ, ಅದು ಬೇಕು. ಆದ್ರೆ ಒಬ್ಬರಿಗೆ ಒಂಬತ್ತು ಪಟ್ಟು ಜಾಗ ಹಕ್ಕು, ಇನ್ನೊಬ್ಬರಿಗೆ ಏಳು ಪಟ್ಟು ಜಾಗ ಅಪರಾಧ, ಇದು ಹೇಗೆ ಅಂತ ಕೇಳಲೇಬೇಕು.

ಇನ್ನು ಕುಮ್ರಿ ಯಾಕೆ ನಿಂತ್ತು ಅನ್ನೋದು. ಮದ್ರಾಸ್ ಪ್ರಾಂತ್ಯದಲ್ಲಿ 1856ರಲ್ಲಿ ಹ್ಯೂ ಕ್ಲೆಗಾರ್ನ್ ಅನ್ನೋ ಡಾಕ್ಟ್ರು ಅರಣ್ಯ ಸಂರಕ್ಷಣಾಧಿಕಾರಿ ಆದ್ರು, ಆಗ ಕೆನರಾ ಜಿಲ್ಲೆ ಮದ್ರಾಸಿಗೇ ಸೇರಿತ್ತು, ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಹೋಗಿದ್ದು 1862ರಲ್ಲಿ. ಕುಮ್ರಿಯಿಂದ ಬೆಲೆ ಬಾಳೋ ಮರ ಹಾಳಾಗ್ತಿದೆ ಅನ್ನೋದು ಅವರ ವಾದ, 1860ರ ಹೊತ್ತಿಗೆ ಮದ್ರಾಸ್ ಸರ್ಕಾರ ಪರವಾನಗಿ ಇಲ್ದೆ ಕುಮ್ರಿ ಮಾಡಬಾರದು ಅಂತ ಮಾಡ್ತು. ಅದೇ ಕಾಲದಲ್ಲಿ ನಡೀತಿದ್ದಿದ್ದು ಏನು ನೋಡಿ: ಹಡಗಿಗೆ ಸಾಗವಾನಿ ಬೇಕು, ರೈಲು ಹಳಿ ಹಾಕ್ತಿದಾರೆ, ಒಂದು ಮೈಲಿ ಹಳಿಗೆ ಸುಮಾರು 1,760ರಿಂದ 2,000 ಸ್ಲೀಪರ್ ಮರ ಬೇಕು. ಘಟ್ಟದ ದೊಡ್ಡ ಮರ ಹೋಗಿದ್ದಕ್ಕೆ ರೈಲು, ಹಡಗುಕಟ್ಟೆ, ಕಂಟ್ರಾಕ್ಟರ್‌ಗಳದ್ದೂ ದೊಡ್ಡ ಪಾಲಿದೆ, ಬೈಗುಳ ಮಾತ್ರ ಕತ್ತಿ ಹಿಡಿದ ಕುಣಬಿಗೆ ಬಂತು.

ಕುಮ್ರಿ ಮಾಡೋ ರೀತಿ ಹಳೇ ದಾಖಲೆಗಳಲ್ಲಿ ವಿವರವಾಗೇ ಇದೆ. ಮಳೆಗಾಲ ಮುಗಿದ ಮೇಲೆ ಇಳಿಜಾರಿನ ಒಂದು ತುಂಡು ಕಡಿದು, ಸೌದೆ ಒಣಗೋಕೆ ಬಿಟ್ಟು, ಮಾರ್ಚ್ ಏಪ್ರಿಲ್‌ನಲ್ಲಿ ಸುಡ್ತಿದ್ರು. ಮೊದಲ ಮಳೆ ಬಿದ್ದ ಕೂಡ್ಲೇ ಬೂದಿ ಮೇಲೆ ರಾಗಿ, ಜೊತೆಗೆ ಹರಳು, ತೊಗರಿ. ನೇಗಿಲು ಮುಟ್ಟಿಸ್ತಿರ್ಲಿಲ್ಲ. ಇದು ಬಹಳ ಮುಖ್ಯ, ನೇಗಿಲು ಇಲ್ಲ ಅಂದ್ರೆ ಬುಡ ಮತ್ತೆ ಬೇರು ಮಣ್ಣಲ್ಲೇ ಇರತ್ತೆ, ಮಣ್ಣನ್ನ ಹಿಡಿದಿರತ್ತೆ, ಬೆಳೆ ಕೊಯ್ದು ಬಿಟ್ಟ ತಕ್ಷಣ ಮತ್ತಿ ಕಿಂದಳ ಎಲ್ಲ ಬುಡದಿಂದಲೇ ಚಿಗುರ್ತವೆ. ಗಂಗಾವಳಿಯವ್ರು ಕೇಳಿದ್ರಲ್ಲ ಆ ಮರ ಎಲ್ಲಿಂದ ಬಂತು ಅಂತ, ಅಲ್ಲಿಂದಲೇ ಬಂದಿರೋದು. ನಮ್ಮ ಮಣ್ಣು ಹುಳಿ ಮಣ್ಣು, ಬೂದಿ ಬಿದ್ರೆ ಹುಳಿ ತಗ್ಗತ್ತೆ, ಪೊಟ್ಯಾಷ್ ಸುಣ್ಣ ಸಿಗತ್ತೆ, ಸಾರಜನಕ ಹೊಗೇಲಿ ಹೋಗಿರತ್ತೆ ಅದನ್ನ ಮುಂದಿನ ಹತ್ತು ಹನ್ನೆರಡು ವರ್ಷದ ಕಾಡು ವಾಪಸ್ ತರತ್ತೆ. ಆ ಬಿಡುವಿನ ವರ್ಷಗಳೂ ಬೇಸಾಯದ ಒಳಗಿನ ಭಾಗವೇ, ಖಾಲಿ ಬಿದ್ದ ಜಾಗ ಅಲ್ಲ.

ಇನ್ನೊಂದು ವಿಷಯ ಹೇಳ್ತೀನಿ. ಸಾಗವಾನಿ ಪ್ಲಾಂಟೇಶನ್ ಶುರುವಾಗಿದ್ದು ನೀಲಾಂಬೂರಲ್ಲಿ, 1840ರ ದಶಕದಲ್ಲಿ, ಮಲಬಾರ್ ಕಲೆಕ್ಟರ್ ಕನಾಲಿ ಕಾಲದಲ್ಲಿ, ನೆಡೋ ಕೆಲಸ ನಿಂತು ಮಾಡಿಸಿದ್ದು ಚಾತು ಮೆನನ್. ಆಮೇಲೆ ಬರ್ಮಾದಲ್ಲಿ ಬ್ರಾಂಡಿಸ್ ಸಾಹೇಬ್ರು ಇನ್ನೊಂದು ದಾರಿ ಹಿಡಿದ್ರು: ಬೆಟ್ಟದಲ್ಲಿ ಸುಟ್ಟು ಬೇಸಾಯ ಮಾಡ್ತಿದ್ದ ಕರೆನ್ ಜನಕ್ಕೆ, ನೀವು ಭತ್ತ ಬೆಳೀರಿ ಸಾಲಿನ ನಡುವೆ ಸಾಗವಾನಿ ಬೀಜ ಹಾಕಿ, ಗಿಡ ಎದ್ದ ಮೇಲೆ ಮುಂದಿನ ಜಾಗಕ್ಕೆ ಹೋಗಿ ಅಂದ್ರು. ಟಾಂಗ್ಯಾ ಅಂತಾರೆ ಅದಕ್ಕೆ. ಅಂದ್ರೆ ಕಾಡು ಹಾಳು ಮಾಡೋರು ಅಂತ ಬೈಸಿಕೊಂಡ ಜನರ ಕೈಯಲ್ಲೇ, ಅವರದ್ದೇ ವಿದ್ಯೆಯಿಂದಲೇ ಸರ್ಕಾರ ಪ್ಲಾಂಟೇಶನ್ ಎಬ್ಬಿಸ್ತು. ಗೋರಖ್‌ಪುರ ಕಡೆ ಹಾಗೆ ನೆಟ್ಟವರ ಮೊಮ್ಮಕ್ಕಳು ವನಟಾಂಗಿಯಾ ಅಂತ ಇದಾರೆ, ಅವರ ಊರಿಗೆ ಕಂದಾಯ ಗ್ರಾಮ ಅನ್ನೋ ಹೆಸರು ಸಿಕ್ಕಿದ್ದು ತೀರಾ ಈಚೆಗೆ, 2017ರ ನಂತರ. ಮರ ಸರ್ಕಾರದ್ದು, ನೆಟ್ಟವ್ರು ಯಾರದ್ದೂ ಅಲ್ಲ. ಇದನ್ನ ಓದಿದಾಗೆಲ್ಲ ನನಗೆ ಸಂಕಟ ಆಗತ್ತೆ.

ಮೋಡದೂರು

ಮಿಜೋರಾಂನಲ್ಲಿ ಕೆಲವು ವರ್ಷ ಪಾಠ ಮಾಡ್ಕೊಂಡಿದ್ದೆ, ಈಗ ಹಾಸನದಲ್ಲಿದ್ದೀನಿ. ಈ ಪ್ರಶ್ನೆ ಅಲ್ಲಿ ಹಳೇ ಕಾಲದ ಮಾತಲ್ಲ, ದಿನನಿತ್ಯದ ಮಾತು.

ಅಲ್ಲಿ ಕುಮ್ರಿಯಂಥ ಬೇಸಾಯಕ್ಕೆ ಜೂಮ್ ಅಂತಾರೆ, ಅದು ಇನ್ನೂ ಇದೆ. ಜನವರಿ ಫೆಬ್ರವರೀಲಿ ಬಿದಿರು ಕಡೀತಾರೆ, ಮಾರ್ಚಲ್ಲಿ ಊರಿನವ್ರು ಎಲ್ಲ ಸೇರಿ ದಿನ ಗೊತ್ತು ಮಾಡಿ, ಸುತ್ತ ಬೆಂಕಿಗೆರೆ ಸವರಿ, ಒಟ್ಟಿಗೆ ಸುಡ್ತಾರೆ. ಆ ದಿನಗಳಲ್ಲಿ ಆಕಾಶ ಹೊಗೆ ಹೊಗೆ, ಹೊರಗಿಂದ ಬಂದವರಿಗೆ ಗಾಬರಿ ಆಗತ್ತೆ, ಅಯ್ಯೋ ಕಾಡೆಲ್ಲ ಹೋಯ್ತು ಅನ್ಸತ್ತೆ. ಮಳೆ ಬಿದ್ದ ಮೇಲೆ ಅದೇ ಇಳಿಜಾರಲ್ಲಿ ಭತ್ತ, ಜೋಳ, ಎಳ್ಳು, ಮೆಣಸು, ಸೌತೆ, ಕುಂಬಳ, ಸೊಪ್ಪು, ಒಂದೇ ಹೊಲದಲ್ಲಿ ಎಷ್ಟು ಥರ ಅಂತೀರ, ಒಂದು ಮನೆ ಅಡುಗೆಗೆ ಬೇಕಾದ್ದು ಬಹುಪಾಲು ಅಲ್ಲಿಂದ್ಲೇ. ಮರುವರ್ಷ ಬಿಟ್ರೆ ಬಿದಿರು ನುಗ್ಗಿ ಬರತ್ತೆ, ಕೆಲವೇ ವರ್ಷದಲ್ಲಿ ಅದು ಹೊಲ ಆಗಿತ್ತು ಅಂತ ಹೇಳಿದ್ರೂ ನಂಬೋಕಾಗಲ್ಲ.

ಸರ್ಕಾರಕ್ಕೆ ಈ ಜೂಮ್ ಬಿಡಿಸಬೇಕು ಅಂತ ಬಹಳ ಕಾಲದಿಂದ ಆಸೆ. ಹೊಸ ಭೂಬಳಕೆ ನೀತಿ ಅಂತ 2011ರಲ್ಲಿ ದೊಡ್ಡದಾಗಿ ತಂದ್ರು, ಜೂಮ್ ಬಿಟ್ಟು ಖಾಯಂ ಬೆಳೆಗೆ ಬನ್ನಿ ಅಂತ ಮನೆಮನೆಗೆ ಸಹಾಯಧನ. ಅದಕ್ಕೂ ಮುಂಚೆ 2004–05ರಿಂದ್ಲೇ ತಾಳೆಎಣ್ಣೆ ಮರ ನೆಡಿಸ್ತಿದ್ರು. 2021ರಲ್ಲಿ ಕೇಂದ್ರದವರು 11,040 ಕೋಟಿಯ ತಾಳೆಎಣ್ಣೆ ಮಿಷನ್ ತಂದಾಗ ಈಶಾನ್ಯ ಮತ್ತೆ ಅಂಡಮಾನ್ ಮೇಲೆ ವಿಶೇಷ ಕಣ್ಣು.

ಇಲ್ಲಿ ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡೋ ಅಧ್ಯಯನ ಒಂದಿದೆ, ದಂಪಾ ಹುಲಿ ಸಂರಕ್ಷಿತ ಪ್ರದೇಶದ ಸುತ್ತಮುತ್ತ ಹಕ್ಕಿ ಲೆಕ್ಕ ಮಾಡಿದ್ದು, 2016ರಲ್ಲಿ ಪ್ರಕಟ ಆಯ್ತು, ಮಾಡಿದವರಲ್ಲಿ ಟಿ.ಆರ್. ಶಂಕರ್ ರಾಮನ್ ಒಬ್ಬರು. ಮಳೆಕಾಡು, ಜೂಮ್ ಜಾಗ, ಸಾಗವಾನಿ ತೋಪು, ತಾಳೆಎಣ್ಣೆ ತೋಟ ನಾಲ್ಕನ್ನೂ ಹೋಲಿಸಿದ್ರು. ಕಾಡಿನ ಹಕ್ಕಿಗಳು ಸಹಜವಾಗೇ ಮಳೆಕಾಡಲ್ಲಿ ಜಾಸ್ತಿ. ಅದರ ನಂತರದ್ದು ಜೂಮ್ ಭೂದೃಶ್ಯ, ಸಾಗವಾನಿಯೂ ಅಲ್ಲ ತಾಳೆಯೂ ಅಲ್ಲ. ತಾಳೆ ತೋಟ ಎಲ್ಲಕ್ಕಿಂತ ಕೆಳಗೆ. ಸುಟ್ಟ ಜಾಗ ಅಂತ ನಾವು ಮೂಗು ಮುರಿಯೋದು ಹಕ್ಕಿಗೆ ಹಸಿರು ತೋಟಕ್ಕಿಂತ ಮೇಲು, ಯಾಕಂದ್ರೆ ಜೂಮ್ ಅಂದ್ರೆ ಈ ವರ್ಷ ಸುಟ್ಟ ತುಂಡು ಒಂದೇ ಅಲ್ಲ, ಅದರ ಸುತ್ತ ಮೂರು ವರ್ಷದ್ದು, ಆರು ವರ್ಷದ್ದು, ಹತ್ತು ವರ್ಷದ ಮರಿಕಾಡು ಎಲ್ಲ ಇರತ್ತೆ. ತೋಟ ಯಾವಾಗ ನೋಡಿದ್ರೂ ತೋಟವೇ.

ಆದ್ರೆ ಮತ್ತಿಮರ ಸರ್ ಹೇಳಿದ ಭಯಾನೂ ನಿಜ. ಮೇಘಾಲಯದಲ್ಲಿ ಪಿ.ಎಸ್. ರಾಮಕೃಷ್ಣನ್ ಅವರು ಜೂಮ್ ಬಗ್ಗೆ ಬಹಳ ಕೆಲಸ ಮಾಡಿದಾರೆ, ಸುತ್ತು ಹತ್ತು ವರ್ಷಕ್ಕಿಂತ ಕೆಳಗೆ ಬಂದ್ರೆ ಮಣ್ಣು ಚೇತರಿಸ್ಕೊಳ್ಳಲ್ಲ, ಐದಕ್ಕೆ ಬಂದ್ರೆ ಇಳುವರಿಯೂ ಬೀಳತ್ತೆ ಕಳೆಯೂ ಏರತ್ತೆ ಅನ್ನೋದು ಅವರ ಕೆಲಸದ ಸಾರ. ನಾನು ಇದ್ದ ಕಡೆ ಸುತ್ತು ಕಿರಿದಾಗಿದ್ದಕ್ಕೆ ಜನ ಹೆಚ್ಚಾಗಿದ್ದು ಒಂದೇ ಕಾರಣ ಆಗಿರ್ಲಿಲ್ಲ. ಒಳ್ಳೆ ಇಳಿಜಾರೆಲ್ಲ ತಾಳೆಗೆ, ಸಾಗವಾನಿಗೆ, ಖಾಸಗಿಯವರ ಹೆಸರಿಗೆ ಹೋದ ಮೇಲೆ ಉಳಿದ ಚೂರಲ್ಲೇ ಸುತ್ತು ಹಾಕಬೇಕು, ಆಗ ಬಿಡುವು ಕಿರಿದಾಗ್ದೆ ಇನ್ನೇನಾಗತ್ತೆ. ಆಮೇಲೆ ನೋಡಿ ಜೂಮ್‌ನಿಂದ ಭೂಮಿ ಹಾಳಾಯ್ತು ಅಂತಾರೆ.

ನಾಗಾಲ್ಯಾಂಡಿನ ಖೊನೊಮಾ ಊರಿಂದ ಕಲಿಯೋದಿದೆ. ಅಲ್ಲಿ ಜೂಮ್ ಹೊಲದಲ್ಲಿ ಆಲ್ಡರ್ ಅನ್ನೋ ಮರ ಇರತ್ತೆ, ಬುಡಕ್ಕೆ ಕಡಿಯಲ್ಲ, ಆಳೆತ್ತರ ಬಿಟ್ಟು ಮೇಲಿನ ಕೊಂಬೆ ಕಡೀತಾರೆ, ಬೇರು ಸಾರಜನಕ ಹಿಡಿಯತ್ತೆ, ಕೊಂಬೆ ಸೌದೆಗಾಗತ್ತೆ, ಬಿಡುವಿನ ವರ್ಷ ಮತ್ತೆ ಚಿಗುರತ್ತೆ. ಮರವೂ ಇದೆ ಬೇಸಾಯವೂ ಇದೆ, ಬಿಡುವು ಸ್ವಲ್ಪ ಕಮ್ಮಿ ಆದ್ರೂ ಮಣ್ಣು ತಡ್ಕೊಳ್ಳತ್ತೆ. 2018ರಲ್ಲಿ ನೀತಿ ಆಯೋಗದ ವರದಿ ಕೂಡ ಬಿಡುವು ಬಿಟ್ಟ ಜೂಮ್ ಜಾಗಾನ ಪಾಳು ಅಂತ ಬರೀಬೇಡಿ, ಕೃಷಿ ಅರಣ್ಯ ಅಂತ ಪರಿಗಣಿಸಿ ಅಂತ ಹೇಳಿದೆ.

ಪೋಡಿನ ಹುಡುಗ

ಬಿಳಿಗಿರಿರಂಗನ ಬೆಟ್ಟದ ಕಡೆಯವನು, ಸೋಲಿಗ. ಮೇಲಿನದೆಲ್ಲ ಓದಿದೆ, ನಮ್ಮ ಕಡೆ ವಿಷಯ ಸ್ವಲ್ಪ ಹೇಳ್ತೀನಿ.

ನಮ್ಮೋರು ಮೊದ್ಲು ಕಾಡೊಳಗೆ ಪೋಡು, ಅಂದ್ರೆ ನಮ್ಮ ಹಾಡಿ, ಬದಲಾಯಿಸ್ಕೊಂಡು ರಾಗಿ, ಅವರೆ, ಸಾಸಿವೆ, ಕುಂಬಳ ಬೆಳೀತಿದ್ರು. 1974ರಲ್ಲಿ ವನ್ಯಧಾಮ ಮಾಡಿದ ಮೇಲೆ ಅದು ನಿಂತೋಯ್ತು, ಪೋಡುಗಳನ್ನ ರೋಡ್ ಬದಿಗೆ ತಂದು ಕೂರಿಸಿದ್ರು. ಬೇಸಾಯದ ಜೊತೆಗೆ ಇನ್ನೊಂದು ನಿಂತಿದ್ದು ಬೆಂಕಿ. ನಮ್ಮ ತಾತಂದಿರು ತರಗು ಬೆಂಕಿ ಹಾಕೋರು, ವರ್ಷದ ಮೊದಲಲ್ಲಿ, ಇಬ್ಬನಿ ಇನ್ನೂ ಇರೋವಾಗ, ಉದುರಿದ ತರಗು ಮಾತ್ರ ಉರಿಯೋ ಹಾಗೆ ಸಣ್ಣ ಬೆಂಕಿ, ಮರ ಸುಡ್ತಿರಲಿಲ್ಲ. ಅದು ನಿಂತ ಮೇಲೆ ಲಂಟಾನ ಅನ್ನೋ ಕಳೆ ಪೊದೆ ಹಬ್ಬಿದ್ದು ಅಂತ ನಮ್ಮ ಹಿರಿಯರೆಲ್ಲ ಒಂದೇ ಮಾತು ಹೇಳ್ತಾರೆ. ನೆಲ್ಲಿಮರದ ಮೇಲೆ ಉಪ್ಪಿಲು ಅಂತ ಬದನಿಕೆ ಬರತ್ತಲ್ಲ, ಮೊದ್ಲು ಬೆಂಕಿ ಕಾವಿಗೆ ಅದು ಸಾಯ್ತಿತ್ತು, ಈಗ ನೆಲ್ಲಿಮರಾನೇ ಸಾಯ್ತಾವೆ. ಸಂಶೋಧನೆ ಮಾಡೋರೂ ಅಳೆದು ನೋಡಿದ್ರು, 1997ರಿಂದ 2008ರ ಒಳಗೆ ಲಂಟಾನ ಹೆಚ್ಚುಕಮ್ಮಿ ಎರಡು ಪಟ್ಟಾಗಿತ್ತು. ಈಗ ಬೇಸಿಗೇಲಿ ಬೆಂಕಿ ಬಿದ್ರೆ ಲಂಟಾನ ಹಿಡ್ಕೊಂಡು ಮರದ ನೆತ್ತಿವರೆಗೂ ಏರತ್ತೆ.

ಇದನ್ನ ಯಾಕೆ ಹೇಳ್ದೆ ಅಂದ್ರೆ ಪದ್ಧತಿ ನಿಲ್ಲಿಸಿದ್ರೆ ಕಾಡು ತಾನಾಗೇ ಸರಿಹೋಗತ್ತೆ ಅನ್ಕೊಂಡವರು ಕಾಡಿನ ಒಳಗೆ ಆ ಜನ ಮಾಡ್ತಿದ್ದ ಕೆಲಸ ಏನು ಅಂತ ನೋಡಲಿಲ್ಲ. 2011ರಲ್ಲಿ ನಮ್ಮ ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ತು, ಹುಲಿ ಯೋಜನೆ ಜಾಗದಲ್ಲಿ ಸಿಕ್ಕಿದ್ದು ದೇಶದಲ್ಲೇ ಮೊದಲು ಅಂತಾರೆ. ಅದು ನಮಗೆ ಹೆಮ್ಮೆ. ಜೇನು, ಪಾಚಿ, ನೆಲ್ಲಿ ತರಬಹುದು. ಆದ್ರೆ ಬೆಂಕಿ ಬಗ್ಗೆ ನಮ್ಮ ಮಾತು ಕೇಳೋದು ಇನ್ನೂ ಆಗಿಲ್ಲ.

ಗಂಗಾವಳಿ ಅಣ್ಣ, ನಿಮ್ಮೂರ ಆ ಹಿರಿಯರನ್ನ ಮೀಟಿಂಗಿಗೆ ಕರ್ಕೊಂಡು ಹೋಗಿ, ಅವರ ಕೈಲೇ ಮಾತಾಡ್ಸಿ.

ಮತ್ತಿಮರ

ಪೋಡಿನ ಹುಡುಗರ ಮಾತು ಮನಸಿಗೆ ತಟ್ತು. ತರಗು ಬೆಂಕಿ ವಿಷಯದಲ್ಲಿ ನಿಮ್ಮ ಹಿರಿಯರ ಅನುಭವ ದೊಡ್ಡದು, ಅದನ್ನ ಕೇಳಬೇಕು ಅಂತ ಇಲಾಖೆ ಒಳಗೂ ಹೇಳೋರು ಇದ್ರು, ಇದಾರೆ.

ಆದ್ರೆ ಗಂಗಾವಳಿಯವ್ರ ಗುಡ್ಡಕ್ಕೆ ಬೆಂಕಿ ಮಾತ್ರ ಖಂಡಿತ ಬೇಡ. ಕಾನೂನಿನ ಪ್ರಕಾರ ಮೀಸಲು ಅರಣ್ಯದಲ್ಲಿ ಬೆಂಕಿ ಹಾಕೋದು ಅಪರಾಧ ಅನ್ನೋದು ಒಂದು. ಅದಕ್ಕಿಂತ ಮುಖ್ಯ ಅಕೇಶಿಯಾ ಬೀಜ. ಅದರ ಸಿಪ್ಪೆ ಕಲ್ಲಿನಷ್ಟು ಗಟ್ಟಿ, ನರ್ಸರೀಲಿ ನಾವು ಕುದಿಯೋ ನೀರು ಹೊಯ್ದು ನೆನೆಸಿಟ್ರೇನೇ ಮೊಳಕೆ ಬರ್ತಿತ್ತು. ನಿಮ್ಮ ಗುಡ್ಡದ ಮಣ್ಣಲ್ಲಿ ಇಷ್ಟು ವರ್ಷದ್ದು ಲೆಕ್ಕ ಇಲ್ಲದಷ್ಟು ಬೀಜ ಬಿದ್ದಿರತ್ತೆ. ಬೆಂಕಿ ಹಾಕಿದ್ರೆ ಆ ಕಾವೇ ಕುದಿನೀರಿನ ಕೆಲಸ ಮಾಡತ್ತೆ, ಜೂನ್ ಮಳೆಗೆ ಗುಡ್ಡ ಪೂರ್ತಿ ಅಕೇಶಿಯಾ ಸಸಿ ಕಂಬಳಿ ಹಾಸಿದ ಹಾಗೆ ಎದ್ದು ಬರತ್ತೆ. ಕಾಡು ಸುಟ್ಟಾಗ ಕಾಡು ಬರೋದು ಬುಡ ಇದ್ದಾಗ. ಪ್ಲಾಂಟೇಶನ್ ಸುಟ್ರೆ ಪ್ಲಾಂಟೇಶನ್ನೇ ಬರತ್ತೆ.

ಅದೇ ಕಾರಣಕ್ಕೆ ಆ ಹಿರಿಯರು ಹೇಳಿದ ಹಾಗೆ ಸುಮ್ನೆ ಬಿಟ್ರೂ ಪೂರ್ತಿ ಆಗಲ್ಲ. ಮೊದಲ ಎರಡು ಮೂರು ಮಳೆಗಾಲ ಅಕೇಶಿಯಾ ಸಸಿ ಕೈಯಲ್ಲೇ ಕಿತ್ತು ಹಾಕಬೇಕು. ಸಣ್ಣದಿದ್ದಾಗ ಸುಲಭ, ಎದೆಮಟ್ಟ ಬಂದ ಮೇಲೆ ಕಷ್ಟ.

ಬೆಟ್ಟ ತೋಟ

ಶಿರಸಿ ಕಡೆಯವ, ನಮ್ಮ ಬೆಟ್ಟದಲ್ಲಿ ಇದೇ ಕೆಲಸ ಮಾಡ್ತಾ ಇದ್ದೇವೆ ಹಾಗಾಗಿ ಸ್ವಲ್ಪ ಉದ್ದ ಬರೀತೇನೆ ಮಾರಾಯ್ರೆ.

ಮೊದಲು ಗುಡ್ಡ ಪೂರ್ತಿ ಒಮ್ಮೆ ನಡೆದು ನೋಡಿ. ಅಕೇಶಿಯಾ ಕಡಿದ ಜಾಗ ಬೋಳು ಅಂತ ಕಾಣತ್ತೆ, ಬಗ್ಗಿ ನೋಡಿದ್ರೆ ನೇರಳೆ, ಕೌಲು, ಮತ್ತಿ, ದಾಲ್ಚಿನ್ನಿ ಬುಡಚಿಗುರು ಅಲ್ಲಲ್ಲಿ ಇರ್ತದೆ, ನಿಮ್ಮದು ಹಳೇ ಕುಮ್ರಿ ಗುಡ್ಡ ಆದ್ರಿಂದ, ಪಕ್ಕದಲ್ಲೇ ಒಳ್ಳೇ ಕಾಡು ಇರೋದ್ರಿಂದ ಇನ್ನೂ ಜಾಸ್ತಿ ಸಿಗಬಹುದು. ಸಿಕ್ಕಿದ್ದಕ್ಕೆ ಗೂಟ ಹೊಡೆದು ಗುರುತು ಮಾಡಿ. ಜೆಸಿಬಿ ತಂದು ಗುಂಡಿ, ಟ್ರೆಂಚ್ ಅಂತ ಸಾಲಾಗಿ ತೋಡ್ಲಿಕ್ಕೆ ಬಿಡಬೇಡಿ, ಇದ್ದ ಬೇರೆಲ್ಲ ಕಿತ್ತು ಹೋಗ್ತದೆ. ಕುಮ್ರಿಯವ್ರು ನೇಗಿಲು ಮುಟ್ಟಿಸ್ತಿರ್ಲಿಲ್ಲ ಅಂತ ಹಳೇ ಕಡತದವ್ರು ಬರೆದ್ರಲ್ಲ, ಅವರಿಂದ ತಗೊಳ್ಳೋ ಮೊದಲ ಪಾಠ ಅದೇ. ಚಿಗುರು ಇಲ್ಲದ ಕಡೆ ಮಾತ್ರ ಗಿಡ ನೆಡಿ: ಉಪ್ಪಾಗೆ, ಮುರುಗಲು, ವಾಟೆ, ಹಲಸು, ನೆಲ್ಲಿ, ಅಂಟುವಾಳ. ಹೆಂಗಸರು ಹೆಕ್ಕಿ ಮಾರಬಹುದಾದ್ದು ಇದ್ರೆ ಊರೇ ಗುಡ್ಡ ಕಾಯ್ತದೆ. ಬರೀ ಸಾಗವಾನಿ ಹಾಕಿದ್ರೆ ಅದನ್ನ ಕಾಯ್ಲಿಕ್ಕೆ ಗಾರ್ಡೇ ಬೇಕು.

ನಮ್ಮ ಕಡೆ 1983ರಲ್ಲಿ ಸಾಲ್ಕಣಿಯಿಂದ ಅಪ್ಪಿಕೋ ಶುರುವಾಗಿದ್ದು ಮರ ಕಡಿಯೋದು ಬೇಡ ಅಂತ ಅಷ್ಟೇ ಅಲ್ಲ, ಸಹಜ ಕಾಡು ಕಡಿದು ಸಾಗವಾನಿ ಒಂದನ್ನೇ ಬೆಳೆಸ್ತಾರೆ ಅನ್ನೋ ಸಿಟ್ಟೂ ಇತ್ತು. ಆಮೇಲೆ 1987ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಕುಸನೂರಲ್ಲಿ ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ, ನೀಲಗಿರಿ ಕಿತ್ತು ಊರಿಗೆ ಬೇಕಾದ ಗಿಡ ಹಚ್ಚಿದ್ರು. 2020ರಲ್ಲಿ ಶಿವಮೊಗ್ಗ ಕಡೆ, ಕಾಗದ ಕಾರ್ಖಾನೆಗೆ ಅಂತ ನಲವತ್ತು ವರ್ಷ ಲೀಸಿಗೆ ಕೊಟ್ಟಿದ್ದ ಸುಮಾರು 20 ಸಾವಿರ ಹೆಕ್ಟೇರಿನ ಅವಧಿ ಮುಗಿದು ಮತ್ತೆ ಮುಂದುವರಿಸಿದಾಗ, ನಮ್ಮೂರಿಗೆ ಅಕೇಶಿಯಾ ಮರ ಬೇಡ ಅಂತ ಊರೂರಲ್ಲಿ ಜನ ಎದ್ರು. ನೀವು ಮೀಟಿಂಗಲ್ಲಿ ಒಬ್ರೇ ಹೇಳ್ತಿರೋ ಹೊಸ ಮಾತಲ್ಲ ಇದು.

ಇನ್ನೊಂದು, ದೇಶದ ಅರಣ್ಯ ಸ್ಥಿತಿ ವರದೀಲಿ ಒಂದು ಹೆಕ್ಟೇರಿಗಿಂತ ದೊಡ್ಡ ಜಾಗದಲ್ಲಿ ಶೇ. 10ಕ್ಕಿಂತ ಜಾಸ್ತಿ ಮರದ ಮುಚ್ಚಿಗೆ ಇದ್ರೆ ಅದು ಅರಣ್ಯ ಹೊದಿಕೆ, ಅಕೇಶಿಯಾ ಆದ್ರೂ ಅಡಿಕೆ ಆದ್ರೂ ರಬ್ಬರ್ ಆದ್ರೂ. ಹಾಗಾಗಿ ನಕ್ಷೇಲಿ ಹಸಿರು ಹೆಚ್ಚಾಯ್ತು ಅಂತ ತೋರಿಸಿದ್ರೆ ಅದರೊಳಗೆ ಏನಿದೆ ಅಂತ ಕೇಳಿ.

ಗಂಗಾವಳಿ ದಂಡೆ

ಇಷ್ಟೊಂದು ವಿಷಯ ಬರತ್ತೆ ಅಂತ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಕೈ ಮುಗೀತೀನಿ. ಬೀಜದ ವಿಷಯ ನಮ್ಮೂರಲ್ಲಿ ಯಾರಿಗೂ ಗೊತ್ತಿರ್ಲಿಲ್ಲ, ಕಟಾವಾದ ಮೇಲೆ ಉಳಿದ ಸೊಪ್ಪು ಸದೆ ಸುಟ್ಟು ಕ್ಲೀನ್ ಮಾಡೋಣ ಅಂತ ಮಾತಾಡ್ತಿದ್ರು, ಇವತ್ತೇ ಫೋನ್ ಮಾಡಿ ಬೇಡ ಅಂತ ಹೇಳ್ದೆ.

ಮೀಟಿಂಗಲ್ಲಿ ನಾವು ಕೇಳೋದು ಈಗ ಹೀಗೆ ಅಂದ್ಕೊಂಡಿದ್ದೀವಿ: ಊರ ಹತ್ತಿರದ, ರಸ್ತೆ ಪಕ್ಕದ ಕಲ್ಲು ಜಾಗದಲ್ಲಿ ಸ್ವಲ್ಪ ಕಟ್ಟಿಗೆ ತೋಪು ಇರ್ಲಿ, ಅದು ಬೇಡ ಅಂದ್ರೆ ಹೆಂಗಸ್ರು ಒಪ್ಪಲ್ಲ, ಅವರು ಹೇಳೋದೂ ಸರಿ. ಮೇಲಿನ ಇಳಿಜಾರು ಪೂರ್ತಿ ಬುಡಚಿಗುರಿಗೆ ಬಿಡೋದು, ಹಳ್ಳದ ಅಂಚಿಗೆ ಉಪ್ಪಾಗೆ ಮುರುಗಲು. ಅಕೇಶಿಯಾ ಸಸಿ ಕೀಳೋ ಕೂಲಿ ಮೂರು ಮಳೆಗಾಲಕ್ಕೆ ಪ್ಲಾನಲ್ಲೇ ಸೇರಿಸಬೇಕು. ಒಂದು ಪ್ರಶ್ನೆ ಮಾತ್ರ ಉಳೀತು. ಗುಡ್ಡದ ಮಗ್ಗುಲಲ್ಲಿ ಎರಡು ಕುಣಬಿ ಮನೆ ಇದಾವೆ, ಅವರು ಈಗಲೂ ಮನೆ ಸುತ್ತ ಗೆಡ್ಡೆ ಗೆಣಸು ಬೆಳೀತಾರೆ, ಹಿಂದೆ ಆ ಇಳಿಜಾರು ಅವರ ಹಿರಿಯರದ್ದೇ ಕುಮ್ರಿ ಅಂತೆ. ಅವರಿಗೆ ಇದರಲ್ಲಿ ಏನಾದ್ರೂ ಹಕ್ಕು ಅಂತ ಬರತ್ತಾ?

ಹಳೇ ಕಡತ

ಬರಬೇಕು, ಆದ್ರೆ ದಾರಿ ಕಷ್ಟ ಇದೆ. 2006ರ ಅರಣ್ಯ ಹಕ್ಕು ಕಾಯ್ದೇಲಿ ಪರಿಶಿಷ್ಟ ಪಂಗಡದವರಾದ್ರೆ 2005ರ ಡಿಸೆಂಬರ್ 13ಕ್ಕೆ ಮುಂಚೆ ಆ ಕಾಡಲ್ಲಿ ಇದ್ರು, ಅದನ್ನ ನಂಬಿ ಬದುಕ್ತಿದ್ರು ಅಂತ ತೋರಿಸಿದ್ರೆ ಸಾಕು. ಉಳಿದ ಪಾರಂಪರಿಕ ಅರಣ್ಯವಾಸಿಗಳಾದ್ರೆ ಮೂರು ತಲೆಮಾರು, ಅಂದ್ರೆ 75 ವರ್ಷದ ಪುರಾವೆ ಬೇಕು. ಗೋವಾದಲ್ಲಿ ಕುಣಬಿಗಳು 2003ರಿಂದ ಪರಿಶಿಷ್ಟ ಪಂಗಡ, ಗಡಿ ಈಚೆ ಜೋಯಿಡಾ ಅಂಕೋಲಾದಲ್ಲಿ ಅದೇ ಜನ ಆ ಪಟ್ಟೀಲಿ ಇಲ್ಲ, ಎಷ್ಟೋ ವರ್ಷದಿಂದ ಕೇಳ್ತಾನೇ ಇದಾರೆ. ಹಾಗಾಗಿ ಇವರು 75 ವರ್ಷದ್ದು ತೋರಿಸಬೇಕು. ಕುಮ್ರಿ ಮಾಡಿದವರು ಒಂದೇ ಜಾಗದಲ್ಲಿ ಇರ್ತಿರ್ಲಿಲ್ಲ, ಅವರಿಂದ ಕಾಗದ ಕೇಳಿದ್ರೆ ಎಲ್ಲಿಂದ ತರ್ತಾರೆ ಪಾಪ. ಆದ್ರೂ ಕಾಗದ ಒಂದೇ ಪುರಾವೆ ಅಲ್ಲ, ನಿಯಮದಲ್ಲಿ ಹಿರಿಯರ ಹೇಳಿಕೆ ಬರೆದು ಕೊಡೋದಕ್ಕೂ, ಹಳೇ ಮನೆ ತಳಪಾಯ, ಬಾವಿ, ಸಮಾಧಿ, ದೇವರ ಬನದಂಥ ಗುರುತಿಗೂ ಬೆಲೆ ಇದೆ. ವೈಯಕ್ತಿಕ ಜಮೀನಿನ ಜೊತೆಗೆ ಸಮುದಾಯ ಹಕ್ಕಿಗೂ ಗ್ರಾಮಸಭೆಯಿಂದ ಅರ್ಜಿ ಹಾಕಿಸಿ.

ಅದು ಆಗೋವರೆಗೆ ಕಾಯಬೇಡಿ. ಅರಣ್ಯ ಸಮಿತಿ ಮೈಕ್ರೋಪ್ಲಾನ್, ಅಂದ್ರೆ ಊರ ಕಾಡಿನ ಕೆಲಸದ ಯೋಜನೆ, ಬರೆಯುವಾಗಲೇ ಆ ಎರಡು ಮನೆಯವ್ರು ಕೂತಿರಬೇಕು, ಇಳಿಜಾರಿನ ಕೆಳಗಿನ ಅಂಚಲ್ಲಿ ಮರದ ನಡುವೆ ಗೆಡ್ಡೆ, ಅರಿಶಿನ ಹಾಕ್ಲಿಕ್ಕೆ ಅವರಿಗೆ ಅವಕಾಶ ಅಂತ ಬರೆಸಿ, ನಡಾವಳಿ ಪುಸ್ತಕದಲ್ಲಿ ಸಹಿ ಆಗಲಿ. ಬಾಯಿಮಾತಲ್ಲಿ ಬಿಟ್ರೆ ಮುಂದಿನ ರೇಂಜರ್ ಬಂದಾಗ ಅದು ಇರಲ್ಲ. ಮೀಟಿಂಗ್ ಆದ ಮೇಲೆ ಏನಾಯ್ತು ಅಂತ ಇಲ್ಲೇ ಬರೀರಿ, ನಮ್ಮ ಕಡೆ ಇನ್ನೂ ಮೂರು ಊರಲ್ಲಿ ಇದೇ ವರ್ಷ ಕಟಾವು ಇದೆ.